ಅತ್ತೆಯ ಗಾಡಿಗೊಂದು ಇನ್ವರ್ಟರ್

ಹಿಟ್ಟಿನ ಗಿರಣಿಯ ಪಟ್ಟಿ ದಿನವಿಡೀ ಪಟಪಟ ಬಡಿಯುವ ಗೋಡೆಗೆ ಅಂಟಿಕೊಂಡೇ ನನ್ನ ಸೋದರತ್ತೆಯ ಮನೆಯಿದೆ. ಆ ಸದ್ದನ್ನು ಮೀರಿ ಮಾತಾಡಿ ಮಾತಾಡಿ, ಆಸ್ಪತ್ರೆಯಲ್ಲಿ ರೋಗಿಯ ಕ್ಷೇಮ ವಿಚಾರಿಸುವಾಗಲೂ ಅವಳ ದನಿ ಜಗಳಕ್ಕೆ ನಿಂತವರಂತೆಯೇ ಇರುತ್ತದೆ. ಸೆರಗಿನಂಚಿಗೆ ಸದಾ ಸಾಲಾಗಿ ಗುಂಡುಸೂಜಿ ಚುಚ್ಚಿಕೊಂಡಿರುವ ಅವಳನ್ನು ಅಪ್ಪಿಕೊಳ್ಳಲು ಹೋದವರು ಒಮ್ಮೆ ಯೋಚಿಸಲೇಬೇಕು.

ಅವಳ ಹೊಲಿಗೆ ಅಂಗಡಿಯ ಕೋಣೆಯನ್ನು ಮಾಲೀಕ ಬಿಡಿಸಿಕೊಂಡಾಗ, ಇನ್ನು ಯಾರದೋ ಕಾರ್ಖಾನೆಯಲ್ಲಿ ಬರೀ ಕಾಲರ್ ಹೊಲಿಯುತ್ತ ಕೂರುವುದೊಂದೇ ದಾರಿ ಎಂದು ಮನೆಮಂದಿಯೆಲ್ಲ ತೀರ್ಮಾನಿಸಿದರು. ಅತ್ತೆ ಬೀದಿ ಬೀದಿ ಸುತ್ತಿ ಹೊಲಿಯಲೆಂದು ಹಳೆಯದೊಂದು ಬ್ಯಾಟರಿ ಗಾಡಿ ಕೊಂಡು, ಅದರ ಹಿಂಬದಿಯಲ್ಲಿ ಮೋಟಾರಿನ ಹೊಲಿಗೆ ಯಂತ್ರ ಕೂರಿಸಿದಳು. ಬ್ಯಾಟರಿಯ ಕರೆಂಟನ್ನು ಯಂತ್ರಕ್ಕೆ ಒಗ್ಗಿಸುವ ಇನ್ವರ್ಟರ್ ಕೈಗೆಟಕುವ ಬೆಲೆಗೆ ಸಿಕ್ಕರೆ ತನಗೆ ತಾನೇ ಯಜಮಾನಿ, ಇಲ್ಲದಿದ್ದರೆ ಕಾಲರ್.

ನನ್ನನ್ನೂ ಕೂರಿಸಿಕೊಂಡು ಹೋಗಿ ಇನ್ವರ್ಟರ್ ಮಾರುವ ಅಂಗಡಿಯ ಬಾಗಿಲಿಗೇ ಗಾಡಿ ನಿಲ್ಲಿಸಿದಳು. ಅಂಗಡಿಯವನು ಎಲ್ಲಕ್ಕಿಂತ ಅಗ್ಗದ್ದನ್ನು ಮುಂದಿಟ್ಟ.

"ಡಬ್ಬಿ ಮೇಲೆ ಎಲ್ಲಾ ಬರೆದಿದೆ ಅಕ್ಕಾ."

"ಬರೆದಿದ್ದು ಹೊಲಿಯುತ್ತೇನಪ್ಪಾ? ಗಾಡಿಗೆ ಜೋಡಿಸು, ನಾನು ತುಳೀತೀನಿ."

ಹೊಲಿಗೆ ಯಂತ್ರದ ಬಲ್ಬೇನೋ ಉರಿಯಿತು; ಪೆಡಲ್ ತುಳಿದದ್ದೇ ಡಬ್ಬಿ ಕೀ ಎಂದು ಅರಚಿ ಆರಿಹೋಯಿತು. ಅವನು ಕೂಡಲೇ ಅತಿ ದೊಡ್ಡದನ್ನು ಹೊತ್ತು ತಂದ.

"ಇದ್ರಲ್ಲಿ ಇಸ್ತ್ರೀನೂ ಓಡುತ್ತೆ."

"ಇಸ್ತ್ರಿ ಮನೇಲೇ ಮುಗಿಸ್ಕೊಂಡು ಬರ್ತೀನಿ. ಮಗು ಬೆಳೆಯುತ್ತೆ ಅಂತ ಹೊಲಿಗೆ ಒಳಗೆ ಒಂಚೂರು ಬಟ್ಟೆ ಬಿಡ್ತೀವಿ ಕಣಪ್ಪಾ, ಅಪ್ಪನ ಅಂಗೀನೇ ತೊಡಿಸಲ್ಲ. ಮೋಟಾರು ಹೊರಡೋವಾಗ ಸ್ವಲ್ಪ ಜಾಸ್ತಿ ಎಳೆಯುತ್ತೆ. ಅಷ್ಟು ತಡೆಯೋದು ಕೊಡು, ಸಾಕು."

ನಡುವಿನದೊಂದು ಬಂತು. ಅತ್ತೆ ಅವನ ಕಿತ್ತುಹೋದ ಜೇಬು ನೋಡಿ, "ಅಂಗಿ ಬಿಚ್ಚು" ಎಂದಳು. ಅವನು ಬನಿಯನ್ನಿನಲ್ಲಿ ಕೈಕಟ್ಟಿ ನಿಂತ. ಮೋಟಾರಿನ ಮೇಲೆ ಎಡಗೈ ಇಟ್ಟು, ಅವಳಲ್ಲಿ ನಾನೆಂದೂ ಕಂಡಿರದ ಮೌನದಲ್ಲಿ ಪೆಡಲ್ ತುಳಿದಳು. ಯಂತ್ರ ಗೊರಗುಟ್ಟಲಿಲ್ಲ, ಬಿಸಿಯಾಗಲಿಲ್ಲ. ಜೇಬಿನ ಮೂರು ಅಂಚುಗಳ ಸುತ್ತ, ದಪ್ಪ ಮಡಿಕೆಯ ಮೇಲೂ ತಡವರಿಸದೆ, ಹೊಲಿಗೆ ನೇರವಾಗಿ ಸಾಗಿ ಬಂತು.

"ಅಕ್ಕಾ, ಈಗ ದುಡ್ಡು ನಾನು ಕೊಡೋದೋ, ನೀವು ಕೊಡೋದೋ?" ಎಂದು ಅವನು ನಕ್ಕು, ಬೆಲೆಯಲ್ಲಿ ತಾನಾಗಿಯೇ ಒಂದಿಷ್ಟು ಇಳಿಸಿದ. ರಸೀದಿ ಬರೆಯುವಷ್ಟರಲ್ಲೇ ಎದುರು ಬೀದಿಯ ಹೆಂಗಸೊಬ್ಬಳು ಹರಿದ ಚೀಲ ಹಿಡಿದು ಗಾಡಿಯ ಬಳಿ ಬಂದು ನಿಂತಿದ್ದಳು.

ಬದುಕು ಬಿಗಿಯಾಯಿತೆಂದು ಕೊರಗುವವರ ನಡುವೆ, ಸದ್ದು ಮಾಡುತ್ತಲೇ ಹೊಲಿಗೆ ಬಿಚ್ಚಿ ಅದನ್ನು ತಮ್ಮ ಮೈಗೆ ಅಗಲಿಸಿಕೊಳ್ಳುವ ಇಂಥವರೂ ಇರುತ್ತಾರೆ. ಅವರ ಗೆಲುವಿಗೆ ನಿಂತು ಚಪ್ಪಾಳೆ ಕೇಳುವಷ್ಟು ಪುರುಸೊತ್ತಿರುವುದಿಲ್ಲ.

"ಗೆದ್ದುಬಿಟ್ಟೆಯಲ್ಲ ಅತ್ತೆ!" ಎಂದೆ.

"ಗೆಲ್ಲೋದೇನು ಬಂತೇ, ನಾಳೆಯಿಂದ ನೀನೂ ಗುಂಡಿ ಹಾಕೋಕೆ ಬಂದ್ರೆ, ನಾವಿಬ್ರೂ ಸೇರ್ಕೊಂಡು..." ಎನ್ನುತ್ತ ಅತ್ತೆ ಚೀಲದವಳತ್ತ ನಡೆದೇಬಿಟ್ಟಳು.