ಅಜ್ಜಿಯ ಅಳತೆಗೆ ಇಳಿದ ಕಾರು

ಶಿಗ್ಗಾಂವಿಯ ಚೌಡಪ್ಪನ ಮನೆ ಮುಂದೆ ಕಾರು ಬಂದು ನಿಂತ ದಿನ ಓಣಿಯ ಮಂದಿ ಮೊದಲು ಬೆರಗಾದರು, ಆಮೇಲೆ ಹಿಂದಕ್ಕೆ ಹೋಗಿ ನೋಡಿ ನಕ್ಕರು. ಹದಿನೇಳು ವರ್ಷ ಮಿಲ್ಟ್ರಿಯಲ್ಲಿ ಲಾರಿ ಓಡಿಸಿ ಊರಿಗೆ ಮರಳಿದ್ದ ಚೌಡಪ್ಪ ಕೊಂಡ ಹಳೆಯ ಫಿಯೆಟ್ ಅದು. ಮೊದಲಿನ ಯಜಮಾನ ಮೆಣಸಿನಕಾಯಿ ವ್ಯಾಪಾರಿ. ಚೀಲಗಳ ಭಾರ ತಡೆಯಲೆಂದು ಹಿಂದಿನ ಗಾಲಿಗಳಿಗೆ ಪಾಟಾ ಹೆಚ್ಚು ಹಾಕಿಸಿದ್ದ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಸೇರಿಸಿ ಬಿಗಿದರೆ ಅದೇ ಪಾಟಾ. ಈಗ ಚೀಲಗಳಿಲ್ಲ, ಪಾಟಾ ಮಾತ್ರ ಉಳಿದಿತ್ತು. ಹಾಗಾಗಿ ಕಾರು ಹಾಯಲು ಬಂದ ಟಗರಿನ ಹಾಗೆ ಮೂತಿ ತಗ್ಗಿಸಿ, ಹಿಂಭಾಗ ಎತ್ತಿ ನಿಂತಿತ್ತು.

ನಗದೆ ಇದ್ದವಳು ಚೌಡಪ್ಪನ ಮಗಳು ಅನ್ನವ್ವ ಒಬ್ಬಳೇ. ಹತ್ತೊಂಬತ್ತರ ಆ ಹುಡುಗಿಗೆ ಕಾರು ಕಂಡ ಕೂಡಲೇ ಮಾಸೂರು ಕಂಡಿತ್ತು. ಮಾಸೂರು ಅವಳ ಅಜ್ಜಿ ಅಡಿವೆವ್ವನ ತವರು. ಅಜ್ಜಿ ಹೇಳಿದ ಕಥೆಗಳೆಲ್ಲ ನಡೆದದ್ದು ಅಲ್ಲಿಯ ಮದಗದ ಕೆರೆಯ ದಂಡೆಯಲ್ಲೇ. ಮೂಗುತಿ ಇಟ್ಟುಕೊಂಡ ಮೀನು ಅಲ್ಲಿಯದು, ಗಂಡನನ್ನು ಹುಡುಕುತ್ತ ನೀರಿನ ಮೇಲೆ ನಡೆದುಹೋದ ಗೌಡತಿಯೂ ಅಲ್ಲಿಯವಳೇ. ಆದರೆ ಮೊಣಕಾಲು ಹಿಡಿದುಕೊಂಡು, ಬಸ್ಸಿನ ಮೆಟ್ಟಿಲು ಹತ್ತಲಾಗದೆ, ಅಜ್ಜಿ ಆ ಊರಿನ ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ಅಲ್ಲಿದ್ದ ಅಕ್ಕ ಶಂಕ್ರವ್ವನಿಗೆ ಎಂಬತ್ತು ದಾಟಿತ್ತು. ಹೋಗಿಬರುವವರ ಬಾಯಲ್ಲಿ ಅವಳು ಹೇಳಿ ಕಳಿಸುತ್ತಿದ್ದುದು ಒಂದೇ ಮಾತು: ತಂಗಿಯನ್ನು ಒಮ್ಮೆ ನೋಡಬೇಕು.

ಕಾರು ಬಂದದ್ದಾಯಿತು, ಅಜ್ಜಿ ಹತ್ತುವುದು ಆಗಲಿಲ್ಲ. ಕಾಲು ಅಷ್ಟು ಎತ್ತರಕ್ಕೆ ಏಳಲಿಲ್ಲ. ಮಣೆ ಇಟ್ಟರು, ಅದು ಅಲುಗಾಡಿತೆಂದು ಅಜ್ಜಿ ಕಾಲಿನಿಂದಲೇ ಆಚೆ ದೂಡಿದಳು. ಚೌಡಪ್ಪ ತಾನೇ ಎತ್ತಿ ಕೂರಿಸುತ್ತೇನೆಂದು ಮುಂದೆ ಬಂದಾಗ ಕೋಲು ಅಡ್ಡ ಹಿಡಿದಳು.

“ನನ್ನ ಎತ್ತೂದು ಒಂದ ಸಲ, ಅದೂ ನಾಕು ಮಂದಿ. ಅದಕ್ಕಿನ್ನೂ ಯಾಳ್ಯಾ ಐತಿ. ನನ್ನ ಕಾಲಿಲೆ ನಾನ ಹೋಗ್ತೇನಿ, ಇಲ್ಲಾಂದ್ರ ಇಲ್ಲೇ ಇರ್ತೇನಿ.”

ಅಜ್ಜಿಯ ಕಾಲು ಏಳದಿದ್ದರೆ ಕಾರೇ ಇಳಿಯಬೇಕು ಎಂದಳು ಅನ್ನವ್ವ. ಚೌಡಪ್ಪನಿಗೂ ಅದು ಸರಿ ಕಂಡಿತು. ಮರುದಿನವೇ ಅಪ್ಪ ಮಗಳು ಸವಣೂರಿಗೆ ಹೊರಟರು.

ಸವಣೂರಿನ ಫಕ್ರುಸಾಬ ಮೊದಲು ಟಾಂಗಾಗಳಿಗೆ ಪಾಟಾ ಕಟ್ಟುತ್ತಿದ್ದವನು, ಈಗ ಲಾರಿ, ಜೀಪುಗಳಿಗೆ ಕಟ್ಟುತ್ತಾನೆ. ಪ್ರತಿ ಪಟ್ಟಿಯನ್ನೂ ಕಬ್ಬಿಣದ ಅಡಿಗಲ್ಲಿನ ಮೇಲೆ ಬಡಿದು, ಕಿವಿ ಕೊಟ್ಟು ಕೇಳಿ, ಇದು ಗಟ್ಟಿ, ಇದು ದಣಿದದ್ದು ಎಂದು ಬೇರೆ ಮಾಡುವ ಮನುಷ್ಯ. ಕಥೆಯೆಲ್ಲ ಕೇಳಿದ ಮೇಲೆ ಅವನು ಕಾರಿನ ಕಡೆ ನೋಡಲೇ ಇಲ್ಲ. ಅಜ್ಜಿ ಕಾಲು ಎಷ್ಟು ಎತ್ತುತ್ತಾಳೆ, ಆ ಅಳತೆ ಎಲ್ಲಿ ಎಂದು ಕೇಳಿದ.

ಅನ್ನವ್ವ ಆ ಅಳತೆ ತಂದೇ ಇದ್ದಳು. ದಿನಕ್ಕೆ ಹತ್ತು ಸಲ ಅಜ್ಜಿ ಮನೆಯ ಹೊಸ್ತಿಲು ದಾಟುತ್ತಿದ್ದಳು. ಅದರ ಎತ್ತರಕ್ಕೆ ಸರಿಯಾಗಿ ಒಂದು ಜೋಳದ ದಂಟು ಮುರಿದು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು.

ಫಕ್ರುಸಾಬ ದಂಟನ್ನು ಕಾರಿನ ಬಾಗಿಲ ಕೆಳಗೆ ಹಿಡಿದು ಹುಬ್ಬು ಏರಿಸಿದ. ವ್ಯಾಪಾರಿ ಹಾಕಿಸಿದ್ದ ಎರಡು ಪಟ್ಟಿ ತೆಗೆದ. ಕಾರು ಮನುಷ್ಯರಂತೆ ನೆಟ್ಟಗೆ ನಿಂತಿತು. ದಂಟಿಗೆ ಇನ್ನೂ ನಾಲ್ಕು ಬೆರಳು ದೂರ. ಮತ್ತೊಂದು ಪಟ್ಟಿ ತೆಗೆದರೆ ಹಿಂಭಾಗ ಕುಸಿಯುತ್ತದೆ, ಆಗ ಮುಂದಿನ ಸುರುಳಿ ಸ್ಪ್ರಿಂಗನ್ನೂ ಗಿಡ್ಡ ಮಾಡಬೇಕು ಎಂದ. ಬೆಂಕಿಯಲ್ಲಿ ಕಾಯಿಸಿ ಕುಗ್ಗಿಸುವವರಿದ್ದಾರೆ, ತಾನು ಮಾತ್ರ ಮಾಡುವುದಿಲ್ಲ, ಬೆಂಕಿ ಕಂಡ ಸ್ಪ್ರಿಂಗಿನ ಜೀವ ಹೋಗುತ್ತದೆ ಎಂದು ಹೇಳಿ, ಮೂಲೆಯ ರಾಶಿಯಿಂದ ಎರಡು ಜೋಡಿ ಗಿಡ್ಡ ಸ್ಪ್ರಿಂಗ್ ತಂದಿಟ್ಟ. ಅನ್ನವ್ವನನ್ನೇ ಅವುಗಳ ಮೇಲೆ ಹಲಗೆ ಹಾಕಿ ನಿಲ್ಲಿಸಿದ. ಮೊದಲ ಜೋಡಿ ಕಲ್ಲಿನಂತೆ ಸುಮ್ಮನಿತ್ತು. ಎರಡನೆಯದು ಅವಳನ್ನು ಮೆಲ್ಲಗೆ ಇಳಿಸಿ, ಮೆಲ್ಲಗೆ ಎತ್ತಿತು; ಅವಳಿಗೆ ತೊಟ್ಟಿಲಲ್ಲಿ ನಿಂತಂತಾಯಿತು. ಅದೇ ಬೇಕೆಂದಳು.

“ತಂಗೀ, ಇದು ರಸ್ತಾಕ್ಕ ತಾಗತೈತಿ,” ಎಂದ ಫಕ್ರುಸಾಬ. “ಅಜ್ಜಿ ಸಲುವಾಗಿ ಹಾಕ್ತೇನಿ. ನಾಳೆ ನನ್ನ ಬೈಬ್ಯಾಡ.”

ಅವನು ಮೂರನೆಯ ಪಟ್ಟಿ ತೆಗೆದು ಆ ಸ್ಪ್ರಿಂಗ್ ಕೂರಿಸಿದ ಮೇಲೆ ಕಾರು ದಂಟಿನ ಅಳತೆಗೆ ಇಳಿಯಿತು. ಅವನ ಮಾತು ಬಂಕಾಪುರ ದಾಟುವುದರೊಳಗೆ ನಿಜವಾಯಿತು. ಪ್ರತಿ ತಗ್ಗಿನಲ್ಲೂ ಕಾರಿನ ಹೊಟ್ಟೆ ನೆಲ ಕೆರೆಯಿತು. ಒಂದೊಂದು ಸಲ ಕೆರೆದಾಗಲೂ ಚೌಡಪ್ಪ ತನ್ನ ಹೊಟ್ಟೆಯೇ ಕೆರೆದಂತೆ ಮುಖ ಹಿಂಡಿದ. ಅನ್ನವ್ವ ಸವಣೂರಿನಲ್ಲಿ ಕೊಂಡ ಕುರುಕಲು ಖಾರದ ಪೊಟ್ಟಣ ಹಿಡಿದುಕೊಂಡು, ಅಜ್ಜಿ ಕೂತರೆ ಸಾಕು ದೇವರೇ ಎಂದು ಬೇಡಿಕೊಂಡಳು.

ಅಜ್ಜಿ ಕೂರಲಿಲ್ಲ. ಬಾಗಿಲ ಅಂಚು ಹಿಡಿದಳು, ಕಾಲು ಎತ್ತಿದಳು, ಅರ್ಧಕ್ಕೇ ನಿಂತಿತು. ಇನ್ನೊಮ್ಮೆ ಎತ್ತಿದಳು, ಅಷ್ಟೇ. ಅನ್ನವ್ವನ ಕಣ್ಣು ತುಂಬಿತು. ಇದು ಹೊಸ್ತಿಲಿನಷ್ಟೇ ಎತ್ತರ, ಅದನ್ನು ದಿನಾ ದಾಟುತ್ತೀಯಲ್ಲ ಎಂದು ದಂಟು ತೋರಿಸಿ ಕೇಳಿದಳು.

“ಹೊಸ್ತಲಾ ತುಳೀಬಾರದಂತ ಕಾಲು ತಾನ ಏಳತೈತಿ ಮಗಳ. ಅದು ಲಕ್ಷ್ಮಿ. ಈ ಡಬ್ಬಿಗೆ ಯಾಕ ಎತ್ತಲಿ ಅಂತೈತಿ ನನ್ನ ಮೊಣಕಾಲು,” ಎಂದಳು ಅಜ್ಜಿ, ತಾನೂ ಬೇಸರದಲ್ಲೇ.

ಹೀಗಾಗಿತ್ತು. ಭಕ್ತಿಗೆ ಏಳುವ ಕಾಲನ್ನು ಅನ್ನವ್ವ ನೋವಿನ ಕಾಲಿನ ಅಳತೆಯೆಂದು ಹಿಡಿದುಬಿಟ್ಟಿದ್ದಳು.

ದಣಿದ ಅಜ್ಜಿ ಮನೆಯ ಮುಂದಿನ ಕಟ್ಟೆಯ ಕಡೆ ತಿರುಗಿದಳು. ಅದಕ್ಕೆ ಬೆನ್ನು ಕೊಟ್ಟು ನಿಂತಳು, ಎರಡೂ ಕೈ ಹಿಂದೆ ಊರಿ ಕುಳಿತಳು, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಮೇಲೆ ಇಟ್ಟುಕೊಂಡಳು. ಕಣ್ಣೊರೆಸಿಕೊಳ್ಳುತ್ತಿದ್ದ ಅನ್ನವ್ವನ ಕೈ ಅಲ್ಲೇ ನಿಂತಿತು. ಕಟ್ಟೆ ಹೊಸ್ತಿಲಿನ ಎರಡರಷ್ಟು ಎತ್ತರವಿತ್ತು. ಅವಳು ಓಡಿಹೋಗಿ ಇನ್ನೊಂದು ದಂಟು ತಂದು ಕಟ್ಟೆ ಅಳೆದಳು, ಆಮೇಲೆ ಕಾರಿನ ಸೀಟು ಅಳೆದಳು. ಸೀಟು ಕಟ್ಟೆಗಿಂತ ನಾಲ್ಕು ಬೆರಳು ಕೆಳಗೇ ಇತ್ತು.

ಅಂದರೆ ಕಾರು ಇಷ್ಟು ಇಳಿಯಬೇಕಾಗಿಯೇ ಇರಲಿಲ್ಲ.

ಮತ್ತೆ ಸವಣೂರಿಗೆ ಹೋದಾಗ ಫಕ್ರುಸಾಬ ಎರಡನೆಯ ದಂಟು ನೋಡಿ ಮೊದಲು ನಕ್ಕ, ಆಮೇಲೆ ಹಣೆ ಚಚ್ಚಿಕೊಂಡ. ನಲವತ್ತು ವರ್ಷ ಗಾಡಿ ಕಟ್ಟಿದ ತನಗೂ ಇದು ಹೊಳೆಯಲಿಲ್ಲವಲ್ಲ ಎಂದ.

“ಟಾಂಗಾ ಹತ್ತಬೇಕವ್ವಾ. ಕಾರಿನ್ಯಾಗ ಯಾರೂ ಹತ್ತೂದಿಲ್ಲ, ಕುಂಡ್ರತಾರ.”

ಕಳಚಿಟ್ಟ ಪಟ್ಟಿಗಳನ್ನು ಒಂದೊಂದಾಗಿ ಬಡಿದು ಕೇಳಿ, ಒಂದನ್ನು ಹಿಂದೆ ಮತ್ತೆ ಸೇರಿಸಿದ. ಮುಂದೆ ಕಾರಿನ ಮೊದಲಿನ ಸ್ಪ್ರಿಂಗೇ ಕೂತಿತು. ತೊಟ್ಟಿಲಿನಂಥ ಆ ಜೋಡಿಯನ್ನು ಬಿಟ್ಟುಬರಲು ಅನ್ನವ್ವನಿಗೆ ಕೊಂಚ ಸಂಕಟವಾಯಿತು. ಆದರೆ ಹಿಂದಿರುಗುವಾಗ ಬಂಕಾಪುರದ ತಗ್ಗುಗಳನ್ನೆಲ್ಲ ಕಾರು ನೆಲ ಮುಟ್ಟದೆ ದಾಟಿದ್ದು ಕಂಡು ಅಪ್ಪ ಸಿಳ್ಳೆ ಹಾಕಿದ. ಅಪ್ಪನಿಗೆ ಸಿಳ್ಳೆ ಬರುತ್ತದೆಂದು ಅವಳಿಗೆ ಅವತ್ತೇ ತಿಳಿದದ್ದು.

ಮರುದಿನ ಬೆಳಿಗ್ಗೆ, ಗಾಡಿಗೆ ಬೆನ್ನು ತೋರಿಸಿ ಹತ್ತುವುದು ಯಾವ ಸಂಪ್ರದಾಯ ಎಂದು ಅಜ್ಜಿ ಒಂದಿಷ್ಟು ಗೊಣಗಿದಳು. ಆದರೂ ಬೆನ್ನು ಕೊಟ್ಟಳು, ಕೈ ಊರಿದಳು, ಕುಳಿತಳು. ಒಂದು ಕಾಲು ಒಳಗೆ ಬಂತು, ಇನ್ನೊಂದೂ ಬಂತು. ಯಾರೂ ಮುಟ್ಟಲಿಲ್ಲ. ಓಣಿಯವರು ಉಸಿರು ಬಿಟ್ಟರು. ಅಜ್ಜಿ ಸೆರಗು ಸರಿಮಾಡಿಕೊಂಡು, ಇನ್ನೂ ಯಾಕೆ ನಿಂತಿದ್ದೀರಿ, ಹೊತ್ತಾಗುತ್ತದೆ ಎಂದು ಅವರನ್ನೇ ಬೈದಳು.

ಹಾವೇರಿ ದಾಟಿ, ಹಿರೇಕೆರೂರು ದಾಟಿ, ಮಧ್ಯಾಹ್ನದ ಹೊತ್ತಿಗೆ ಮಾಸೂರು ಬಂತು. ಮದಗದ ಕೆರೆ ಕಂಡಾಗ ಅನ್ನವ್ವ ಮೂಗುತಿಯ ಮೀನಿಗಾಗಿ ನಿಜವಾಗಿಯೂ ಕಣ್ಣು ಹಾಯಿಸಿದಳು. ಅಜ್ಜಿ ಮಾತ್ರ ಕೆರೆ ನೋಡಲಿಲ್ಲ, ಓಣಿಯನ್ನೇ ನೋಡುತ್ತಿದ್ದಳು.

ಶಂಕ್ರವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಕಾರಿನ ಬಾಗಿಲಲ್ಲೇ ಇಬ್ಬರೂ ಒಬ್ಬರ ಕೆನ್ನೆ ಒಬ್ಬರು ಸವರಿ, ಲಟಿಕೆ ಮುರಿದು, ಅತ್ತು ಮುಗಿಸಿದರು. ಕೆಳಗಿಳಿಯಬೇಕಾಗಿದ್ದವಳು ಅಜ್ಜಿ. ಆದರೆ ಅಕ್ಕನ ಕಣ್ಣು ಕಾರಿನ ಮೆತ್ತನೆಯ ಸೀಟಿನ ಮೇಲೆ ಬಿದ್ದದ್ದನ್ನು ಅವಳು ಕಂಡಳು. ಮೊಣಕಾಲು ಏಳುವುದಿಲ್ಲ ಎಂದು ಅಕ್ಕ ಹಿಂಜರಿದಾಗ, ಹುಟ್ಟಿದಾಗಿನಿಂದ ಕಾರಿನಲ್ಲೇ ಓಡಾಡಿದವಳ ಹಾಗೆ ಹೇಳಿಕೊಟ್ಟಳು.

“ಬೆನ್ನು ಕೊಡಬೇ ಯಕ್ಕಾ. ಕುಂಡ್ರು ಮೊದಲ. ಕಾಲು ಹಿಂದಾಗಡೆ ಬರ್ತಾವ.”

ಕಾಲು ಬಂದವು. ಒಳಗಿಂದ ಊಟಕ್ಕೆ ಎರಡು ಸಲ ಕರೆ ಬಂತು, ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಹೋಳಿಗೆಯ ತಾಟುಗಳೇ ಕಾರಿಗೆ ಬಂದವು. ಬಾಗಿಲು ತೆರೆದಿಟ್ಟ ಫಿಯೆಟ್ಟಿನಲ್ಲಿ ಅಕ್ಕತಂಗಿಯರು ತೊಡೆಗೆ ತೊಡೆ ಹಚ್ಚಿ ಕುಳಿತು, ಒಬ್ಬಳ ಮಾತನ್ನು ಇನ್ನೊಬ್ಬಳು ಕಸಿದುಕೊಳ್ಳುತ್ತ ನಗುತ್ತಿದ್ದರು. ಅವರು ನಕ್ಕಾಗಲೆಲ್ಲ ಕಾರು ಮೆಲ್ಲಗೆ ಇಳಿದು ಏಳುತ್ತಿತ್ತು.