ಮೂರು ಸೆಕೆಂಡ್ ಹಿಂದಕ್ಕೆ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇದನ್ನು ಹೇಳುವವರು ಗೋದಾಮಿನಲ್ಲಿ ದುಡಿದವರಲ್ಲ, ಕ್ರೇನನ್ನು ಹತ್ತಿರದಿಂದ ಕಂಡವರೂ ಅಲ್ಲ. ಕೇಳಿದ್ದನ್ನು ಕೇಳಿದ ಹಾಗೇ ಹೇಳಿದರೂ ಎಲ್ಲೋ ಒಂದು ಕಡೆ ಕೈತಪ್ಪೀತು ಎಂಬ ಹೆದರಿಕೆ ಇದ್ದೇ ಇದೆ. ತಿಳಿದವರು ಇದಕ್ಕಿಂತ ಚೆನ್ನಾಗಿ ಹೇಳಬಹುದಿತ್ತು. ಅವರು ಯಾರೂ ಬಾಯಿ ಬಿಡುವ ಹಾಗೆ ಕಾಣಲಿಲ್ಲ, ಅದಕ್ಕೇ ಈ ಧೈರ್ಯ.

ಗೋದಾಮಿನ ಹಿಂಬದಿಯಲ್ಲಿ, ಮೆಟ್ಟಿಲ ಕೆಳಗಿನ ಜಾಗಕ್ಕೆ ಪ್ಲೈವುಡ್ ಹೊಡೆದು ಮಾಡಿದ ಕೋಣೆಯಲ್ಲಿ ಅವಳು ಕೂರುತ್ತಿದ್ದಳು. ಎರಡು ಮೇಜು, ಎರಡು ಕಂಪ್ಯೂಟರು, ಕಿಟಕಿ ಇಲ್ಲ. ಗೋದಾಮಿನಲ್ಲಿ ಏನಾದರೂ ಒಡೆದರೆ, ಕಾಣೆಯಾದರೆ, ಯಾರಿಗಾದರೂ ಪೆಟ್ಟಾದರೆ, ಆ ಹೊತ್ತಿನ ಕ್ಯಾಮೆರಾದ ವಿಡಿಯೊ ನೋಡುತ್ತ ಕಂಡದ್ದನ್ನು ಬರೆಯುವುದು ಅವಳ ಕೆಲಸ. ಪರದೆಯ ಒಂದು ಪಕ್ಕ ವಿಡಿಯೊ, ಇನ್ನೊಂದು ಪಕ್ಕ ಬಿಳಿ ಹಾಳೆಯಂಥ ಟೆಕ್ಸ್ಟ್ ಎಡಿಟರ್. ಒಂದು ಕೀ ಒತ್ತಿದರೆ ವಿಡಿಯೊ ಎಲ್ಲಿ ಓಡುತ್ತಿದೆಯೋ ಆ ಸಮಯ ತಾನಾಗಿ ಸಾಲಿನ ಮೊದಲಿಗೆ ಬಂದು ಕೂರುತ್ತದೆ. ಅದರ ಮುಂದೆ ‘ಬಾಗಿಲು ತೆರೆಯಿತು’, ‘ಪೆಟ್ಟಿಗೆ ವಾಲಿತು’ ಎಂದು ಬರೆಯಬೇಕು. ಊಹೆ ಬರೆಯುವಂತಿಲ್ಲ. ಮ್ಯಾನೇಜರ್ ವಿಡಿಯೊ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಅವರು ಓದುತ್ತಿದ್ದುದು ಈ ಸಾಲುಗಳನ್ನು ಮಾತ್ರ.

ಹಮಾಲರು ಅವಳಿಗೆ ಸೆಕೆಂಡಮ್ಮ ಎಂದು ಹೆಸರಿಟ್ಟಿದ್ದರು. “ಸೆಕೆಂಡಮ್ಮಾ, ನಿನ್ನೆ ನಾನು ಆಕಳಿಸಿದ್ದೂ ಬರ್ಕೊಂಡ್ರಾ?” ಎಂದು ಯಾರಾದರೂ ಕೂಗಿದರೆ ನಕ್ಕು ಮುಂದೆ ಹೋಗುತ್ತಿದ್ದಳು. ಕೋಣೆ ಸೇರಿದ ಮೇಲೆ, ಆ ಆಕಳಿಕೆಯನ್ನೂ ಬರೆಯಬೇಕಿತ್ತೇನೋ ಎಂಬ ಯೋಚನೆ ಹತ್ತುತ್ತಿತ್ತು. ಅವಳ ಸ್ವಭಾವವೇ ಹಾಗೆ. ಬೀಗ ಹಾಕಿ ಬಂದ ಮೇಲೆ ಇನ್ನೊಮ್ಮೆ ಜಗ್ಗಿ ನೋಡುವ ಜಾತಿ.

ಕಂಡ ಮೇಲೆಯೇ ತಾನೇ ಬೆರಳು ಕೀ ಒತ್ತುವುದು? ಹಾಗಾಗಿ ಬೀಳುವ ಸಮಯ ಯಾವಾಗಲೂ ಸ್ವಲ್ಪ ತಡವೇ. ಓದುವವರು ಆ ಸಾಲಿನ ಮೇಲೆ ಒತ್ತಿ ವಿಡಿಯೊ ತೆರೆದರೆ ಆಗಬೇಕಾದ್ದು ಆಗಿಹೋಗಿರುತ್ತದೆ. ಅದು ತಪ್ಪಲಿ ಎಂದು ಅವಳು ತನ್ನ ಎಡಿಟರ್‌ನಲ್ಲಿ ಮೂರು ಸೆಕೆಂಡ್ ಹಿಂದಕ್ಕೆ ಸರಿಸಿಟ್ಟಿದ್ದಳು. ಒತ್ತಿದ ಗಳಿಗೆಯಿಂದ ಮೂರು ಕಳೆದೇ ಸಮಯ ಬೀಳುತ್ತಿತ್ತು. ಓದುವವರಿಗೆ ಅನುಕೂಲವಾಗಲಿ ಎಂದು ಮಾಡಿದ್ದು, ಬೇರೆ ಯಾವ ಉದ್ದೇಶವೂ ಇರಲಿಲ್ಲ. ಮಾಡಿ ವರ್ಷಗಳಾಗಿದ್ದರಿಂದ ಅವಳಿಗೇ ಮರೆತುಹೋಗಿತ್ತು.

ಒಂದು ಬೆಳಿಗ್ಗೆ ಕ್ರೇನಿನಿಂದ ಇಳಿದ ಕಬ್ಬಿಣದ ಹಾಳೆಗಳ ಕಟ್ಟು ಹಮಾಲನೊಬ್ಬನ ಕಾಲಿನ ಮೇಲೆ ಬಂತು. ಮಂಡಿಯ ಕೆಳಗೆ ನುಜ್ಜುಗುಜ್ಜು. ಕ್ರೇನ್ ನಡೆಸುತ್ತಿದ್ದವನು ಅವನ ಅಕ್ಕನ ಗಂಡ. ಭಾವನೇ ಹೇಳಿ ಕೆಲಸಕ್ಕೆ ಸೇರಿಸಿದ್ದ ಹುಡುಗ. ಅಲ್ಲಿಯ ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ: ಕೆಳಗಿನವನು ಸರಿದು ನಿಂತು ಕೈ ಎತ್ತಬೇಕು, ಆಮೇಲೆ ಮೇಲಿನವನು ಲಿವರ್ ಒತ್ತಬೇಕು. ಹುಡುಗ ಕೈ ಎತ್ತಿದ್ದ, ಆಮೇಲೆ ಕಟ್ಟಿನ ಅಡಿಗೆ ಇಟ್ಟ ಹಲಗೆ ಸೊಟ್ಟಗಿದೆ ಎಂದು ಮತ್ತೆ ಒಳಗೆ ಬಗ್ಗಿದ್ದ. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅನುಮಾನ ಇದ್ದದ್ದು ಒಂದೇ: ಕೈ ಮೊದಲೋ, ಲಿವರ್ ಮೊದಲೋ?

ಮೇಲಿನ ಕ್ಯಾಮೆರಾಕ್ಕೆ ಕಾಣುತ್ತಿದ್ದುದು ಕ್ರೇನಿನವನು ಕೂರುವ ಗೂಡು ಮಾತ್ರ, ಕೆಳಗಿನದಕ್ಕೆ ನೆಲ ಮಾತ್ರ. ಎರಡನ್ನೂ ಒಟ್ಟಿಗೆ ಕಂಡ ಕಣ್ಣು ಒಂದೂ ಇರಲಿಲ್ಲ. ಸಂಜೆಯೊಳಗೆ ಬೇಕು ಎಂದು ಮ್ಯಾನೇಜರ್ ಅವಸರ ಮಾಡಿದ್ದರಿಂದ ಮೇಲಿನದನ್ನು ಅವಳು ನೋಡಿದಳು, ಕೆಳಗಿನದನ್ನು ಪಕ್ಕದ ಮೇಜಿನ ಕನ್ನಡಕದವನು ನೋಡಿದ. ಆಮೇಲೆ ಇಬ್ಬರ ಸಾಲುಗಳನ್ನೂ ಒಂದೇ ಫೈಲಿಗೆ ಹಾಕಿ ಸಮಯದ ಪ್ರಕಾರ ಜೋಡಿಸಿದರು. ಅವಳ ಸಾಲು: 42:16, ಲಿವರ್ ಒತ್ತಿದ. ಅವನ ಸಾಲು: 42:17, ಕೈ ಎತ್ತಿದ.

ಒಂದು ಸೆಕೆಂಡ್. ವಿಚಾರಣೆಯವರಿಗೆ ಅಷ್ಟು ಸಾಕಾಯಿತು. ಕೈ ನೋಡದೆ ಇಳಿಸಿದ್ದಾನೆ ಎಂದು ಕ್ರೇನಿನವನನ್ನು ಕೆಲಸದಿಂದ ತೆಗೆದರು.

ಒಂದೂವರೆ ತಿಂಗಳಾದ ಮೇಲೆ ಅವನು ಹೆಲ್ಮೆಟ್ಟು, ಬೂಟು ಒಪ್ಪಿಸಲು ಬಂದ. ಒಪ್ಪಿಸಿ ಹೋಗುವ ಬದಲು ಅವಳ ಕೋಣೆಯ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತ. ಬೈಯಲು ಬಂದಿದ್ದಾನೆ ಎಂದುಕೊಂಡಳು.

“ಅಮ್ಮಾ, ನನ್ನ ವಿಡಿಯೊ ನೋಡಿದ್ದು ನೀವೇ ಅಂತೆ.”

“ಹೌದು.”

“ಕೆಲಸದ ಮಾತು ಬಿಡಿ, ಹೋದ್ರೆ ಹೋಗ್ಲಿ. ಮನೇಲಿ ಇವಳು ಮಾತು ಬಿಟ್ಟಿದ್ದಾಳೆ. ತಟ್ಟೆ ತಂದು ಕುಕ್ಕಿ ಹೋಗ್ತಾಳೆ, ಅಷ್ಟೇ. ಅವಳ ತಮ್ಮ ಅಲ್ವಾ. ನಾನು ಕಾಯ್ದಿದ್ದೆ ಅಂತ ಎಷ್ಟೋ ಸಲ ಹೇಳಿದೆ. ಈಗ ನಂಗೇ...” ಅವನು ಹೆಬ್ಬೆರಳಿನಿಂದ ಬಾಗಿಲ ಪ್ಲೈವುಡ್ ಕೆರೆದ. “ಸಾವಿರ ಸಲ ಇಳಿಸಿದೀನಮ್ಮಾ. ಯಾವ ಸಲ ಕೈ ನೋಡಿದ್ದು ನೆನಪಿರುತ್ತೆ ಹೇಳಿ? ನೀವು ಕಣ್ಣಾರೆ ಕಂಡವರು. ನಾನು ಕಾಯ್ದಿದ್ನಾ, ಇಲ್ವಾ?”

“ನಾನು ನಿಮ್ಮನ್ನ ಮಾತ್ರ ನೋಡಿದ್ದು. ಕೈ ನೋಡಿದ್ದು ಅವನು,” ಎಂದು ಪಕ್ಕದ ಮೇಜಿನ ಕಡೆ ತೋರಿಸಿದಳು. ಕ್ರೇನಿನವನು ತಲೆ ಅಲ್ಲಾಡಿಸಿ ಹೋದ.

ಅವಳಿಗೆ ಕೂರಲಾಗಲಿಲ್ಲ. ಹಳೆಯ ಫೈಲು ತೆರೆದಳು, ಎಡಿಟರ್‌ನ ಸೆಟ್ಟಿಂಗ್ ತೆರೆದಳು. ಅಲ್ಲಿ ಆ ಮೂರು ಕೂತಿತ್ತು.

“ತಮ್ಮಾ, ನಿಂದರಲ್ಲಿ ಎಷ್ಟು ಹಿಂದಕ್ಕೆ ಇಟ್ಟಿದೀಯ?”

“ಎಂಥದು ಹಿಂದಕ್ಕೆ?” ಎಂದ ಕನ್ನಡಕದವನು.

“ಸಮಯ. ಹಿಂದಕ್ಕೆ ಸರಿಸೋದು.”

“ಅಕ್ಕಾ, ನಂಗೆ ಈ ಫಾಂಟು ದೊಡ್ಡದು ಮಾಡೋಕೇ ಬರಲ್ಲ. ಅದೆಲ್ಲ ನೀವು ಸಂಜೆ ಕಂಪ್ಯೂಟರ್ ಕ್ಲಾಸಲ್ಲಿ ಕಲಿತ ವಿದ್ಯೆ.”

ತನ್ನ ಸಾಲಿನಲ್ಲಿ ಮೂರು ಕಳೆದಿದೆ, ಅವನದರಲ್ಲಿ ಕಳೆದಿಲ್ಲ. ಮೂರು ಸೇರಿಸಿದರೆ ಲಿವರ್ 42:19. ಕೈ ಮೊದಲು, ಲಿವರ್ ಆಮೇಲೆ. ಕ್ರೇನಿನವನು ಕಾಯ್ದಿದ್ದ!

ಮ್ಯಾನೇಜರ್ ಬಳಿಗೆ ಓಡುವ ಹಾಗೆ ಹೋದಳು. ಅವರು ಎಲ್ಲ ಕೇಳಿ ಕುರ್ಚಿಗೆ ಒರಗಿದರು. “ವಿಡಿಯೊ ಎಲ್ಲಿದೆಯಮ್ಮಾ? ತಿಂಗಳಾದ್ಮೇಲೆ ಹಳೇದರ ಮೇಲೆ ಹೊಸದು ಕೂರುತ್ತೆ, ನಿನಗೆ ಗೊತ್ತಿಲ್ವಾ? ಬರೀ ನಿನ್ನ ಮಾತು ಹಿಡ್ಕೊಂಡು ಮುಚ್ಚಿದ ಫೈಲು ತೆಗೀಲಾ?”

“ತೆಗೀಬೇಕು ಸಾರ್. ತಪ್ಪು ನಂದು.”

“ಬರೆದುಕೊಡು. ಸೇರಿಸಿ ಇಡ್ತೀನಿ. ತೆಗೆಯೋ ಮಾತು ಬೇಡ.”

ಬರೆದುಕೊಟ್ಟಳು. ಕೊಟ್ಟು ಬಂದ ಮೇಲೆ ಹೊಸ ಹುಳ ಹೊಕ್ಕಿತು. ಮೂರು ಹಿಂದಕ್ಕೆ ಇಟ್ಟದ್ದಾದರೂ ಏಕೆ? ತನ್ನ ಕೈ ತಡ ಎಂದು. ಅವತ್ತು ಕೈ ಮೂರು ಸೆಕೆಂಡ್ ತಡವಾಗಿಯೇ ಒತ್ತಿದ್ದರೆ 42:16 ಸರಿಯಾದ ಸಮಯವೇ. ಕನ್ನಡಕದವನ ಕೈಯೂ ತಡವಾಗಿದ್ದರೆ, ಎಷ್ಟು ತಡ? ಮಾರನೆಯ ದಿನ ಬೇರೆ ವಿಡಿಯೊ ಹಾಕಿಕೊಂಡು ತನ್ನನ್ನೇ ಪರೀಕ್ಷಿಸಿದಳು. ಕಂಡೊಡನೆ ಒತ್ತಿ, ಆಮೇಲೆ ನಿಧಾನವಾಗಿ ಓಡಿಸಿ ಸರಿಹೋಲಿಸಿದಳು. ಒಮ್ಮೆ ಒಂದು ಸೆಕೆಂಡ್ ತಡ, ಒಮ್ಮೆ ನಾಲ್ಕು. ಯಾರೋ ಕೆಮ್ಮಿದಾಗ ಇನ್ನೂ ಹೆಚ್ಚು. ಕನ್ನಡಕದವನನ್ನೂ ಕೂರಿಸಿದಳು. “ನನ್ನ ಬಿಟ್ಬಿಡಿ ಅಕ್ಕಾ,” ಎನ್ನುತ್ತಲೇ ಕೂತ. ಅವನದೂ ಅಷ್ಟೇ, ಒಂದು ಹಿಡಿತವಿಲ್ಲ.

ಮನೆಯಲ್ಲಿ ಅವಳೂ ಅವಳ ಅಕ್ಕನೂ ಇಬ್ಬರೇ. ಅಕ್ಕ ಬಟ್ಟೆ ಮಡಿಸುತ್ತ ಎಲ್ಲ ಕೇಳಿದಳು.

“ಉಪ್ಪು ಹಾಕಿದ್ದಕ್ಕೂ ಟೈಮ್ ಬರೆಯೋಳು ನೀನು. ಸರಿ, ಈಗೇನು? ಅವರ ಮನೆಗೆ ಹೋಗಿ, ಕಾಯ್ದಿದ್ದ ಅಂತ ಹೇಳ್ಬಿಡು. ಗಂಡ ಹೆಂಡತಿ ಒಂದಾಗ್ತಾರೆ.”

“ಕಾಯ್ದಿದ್ದ ಅಂತ ಗೊತ್ತಿಲ್ವಲ್ಲ ಅಕ್ಕ.”

“ಕಾಯ್ದಿರಲಿಲ್ಲ ಅಂತ ಗೊತ್ತಾ?”

“ಅದೂ ಇಲ್ಲ.”

“ಮತ್ತೆ? ಯಾರಪ್ಪನ ಗಂಟೇನು ಹೋಗುತ್ತೆ?”

ಅವಳು ಕ್ರೇನಿನವನ ಮನೆಗೆ ಹೊರಟಳು. ಬಸ್ಸಿನಲ್ಲಿ ಹೋಗುವಾಗ ಕೂಡ ಅಕ್ಕ ಹೇಳಿದ್ದೇ ಸರಿ ಅನ್ನಿಸುತ್ತಿತ್ತು. ಹೇಳಬೇಕಾದ ಮಾತನ್ನು ಒಳಗೊಳಗೇ ಎರಡು ಬಗೆಯಲ್ಲಿ ಜೋಡಿಸಿಕೊಂಡಳು.

ಕ್ರೇನಿನವನ ಮನೆ ಎಂದರೆ ಉದ್ದನೆಯ ಸಾಲಿನಲ್ಲಿ ಒಂದು ಕೋಣೆ, ಅದರ ಹಿಂದೆ ಒಂದು ಅಡುಗೆಯ ಮೂಲೆ. ಕಿಟಕಿಯ ಕೆಳಗಿನ ಮಂಚದಲ್ಲಿ ಹುಡುಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೊದಿಕೆ ಒಂದು ಕಡೆ ಮಂಡಿಯ ಕೆಳಗೆ ಚಪ್ಪಟೆಯಾಗಿತ್ತು. ಅವಳು ಆ ಕಡೆಯಿಂದ ಕಣ್ಣು ತೆಗೆದಳು.

ತಡವರಿಸುತ್ತ ಎಲ್ಲ ಹೇಳಿದಳು, ಮೂರು ಸೆಕೆಂಡಿನದನ್ನೂ ಅಳಿಸಿಹೋದ ವಿಡಿಯೊವನ್ನೂ ಬರೆದುಕೊಟ್ಟ ಕಾಗದವನ್ನೂ. ಕ್ರೇನಿನವನ ಮುಖ ಅರಳುತ್ತ ಬಂತು. ಅವನ ಹೆಂಡತಿ ಒಲೆಯ ಹತ್ತಿರದಿಂದ ಬಂದು, ಕೈ ಒರೆಸಿಕೊಳ್ಳುತ್ತ ನಿಂತಳು.

“ಹಾಗಾದ್ರೆ ಇವರು ಕಾಯ್ದಿದ್ರು, ಅಲ್ವಾ?”

ಆ ಹೆಂಗಸಿನ ಕಣ್ಣು ಬೇಡುತ್ತಿತ್ತು. ಹೌದು ಎನ್ನುವುದಕ್ಕೆ ಅರೆಗಳಿಗೆ ಸಾಕಿತ್ತು. ಸೆಕೆಂಡಮ್ಮ ಬಾಯಿ ತೆರೆದಳು. ಕಾಣದ್ದನ್ನು ಕಂಡೆ ಎಂದು ಅವಳು ಎಂದೂ ಹೇಳಿದವಳಲ್ಲ. ಹಾಗೆ ಹೇಳದಿದ್ದರೂ, ಯಾರೂ ಕಾಣದ ಒಂದು ಸೆಕೆಂಡ್ ಈ ಮನೆಗೆ ಇಷ್ಟು ಮಾಡಿದೆ.

“ಗೊತ್ತಿಲ್ಲಮ್ಮಾ,” ಎಂದಳು. “ಕಾಯಲಿಲ್ಲ ಅಂತ ನಾನು ಬರೆದ ಹಾಗಾಯ್ತಲ್ಲ, ಅದು ತಪ್ಪು. ಆದರೆ ಕಾಯ್ದಿದ್ರು ಅಂತಾನೂ ನನ್ನ ಕೈಲಿ ಹೇಳೋಕಾಗಲ್ಲ. ಇನ್ಮೇಲೆ ಯಾರ ಕೈಲೂ ಆಗಲ್ಲ.”

“ಇದನ್ನ ಹೇಳೋಕೆ ಇಷ್ಟು ದೂರ ಬಂದ್ರಾ?” ಎಂದಳು ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಮಂಚದಿಂದ ಹುಡುಗ ಮುಖ ತಿರುಗಿಸದೆ ಹೇಳಿದ: “ಬಿಡಕ್ಕ. ನಾನೂ ಅವತ್ತು ಭಾವನ ಕಡೆ ನೋಡಿರಲಿಲ್ಲ.”

ಕ್ರೇನಿನವನು ಎದ್ದು ಅವಳನ್ನು ಬಸ್ ನಿಲ್ದಾಣದವರೆಗೆ ಬಿಟ್ಟು ಬಂದ. ದಾರಿಯುದ್ದಕ್ಕೂ, ಲಿವರ್ ಒತ್ತುತ್ತಿದ್ದ ಬಲಗೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಬಸ್ಸು ಬಂದಾಗ, “ಹೌದು ಅಂದಿದ್ರೆ ನಂಬ್ತಿದ್ದೆ ಅಮ್ಮಾ,” ಎಂದ. ಬೈಗುಳವೋ, ಬೇಸರವೋ, ಅವಳಿಗೆ ತಿಳಿಯಲಿಲ್ಲ.

ಅವಳು ಬರೆದುಕೊಟ್ಟ ಕಾಗದ ನಿಜವಾಗಿ ಆ ಫೈಲು ಸೇರಿತೋ ಇಲ್ಲವೋ ಗೊತ್ತಿಲ್ಲ. ಆ ಹೆಂಗಸು ಗಂಡನ ಜೊತೆ ಮತ್ತೆ ಮಾತಾಡಿದಳೋ ಇಲ್ಲವೋ, ವಿಚಾರಿಸಿದರೂ ತಿಳಿಯಲಿಲ್ಲ. ಅವತ್ತು ಮೊದಲಾದದ್ದು ಕೈಯೋ ಲಿವರೋ, ಅದಂತೂ ಗೊತ್ತೇ ಇಲ್ಲ.