ಕುದುರೆ ತರಲು ಹೋದ ತಮ್ಮ

ದಿನಗಟ್ಟಲೆ ಬೀಸಿದ ಗಾಳಿ ನಿಂತ ಬೆಳಿಗ್ಗೆ ದುಯಿಶೆನ್ ಸಲಿಕೆ ಹೊತ್ತು ಊರ ಹಿಂದಿನ ಇಳಿಜಾರಿಗೆ ಹೋಗಿಬಂದ. ಹಿಮದಲ್ಲಿ ಜಾರಲೆಂದು ದೂರದ ದೇಶಗಳಿಂದ ಬರುವವರಿಗೆ ದಾರಿ ತೋರಿಸುವುದು ಅವನ ಕಸುಬು. ಬೂಟು ಬಿಚ್ಚದೆ ಹೊಸ್ತಿಲಲ್ಲೇ ನಿಂತು, "ಇವತ್ತು ಯಾರೂ ಮೇಲೆ ಹೋಗೋದು ಬೇಡ" ಅಂದ.

ಹೆಂಡತಿ ಊಲ್ಕಾನ್ ಬೋರ್ಸೋಕ್ ಎಂಬ ಹಿಟ್ಟಿನ ತಿಂಡಿ ಕರಿಯುತ್ತಿದ್ದಳು. ಅವಳ ತಮ್ಮ ಕಾಲಿಸ್ ಪಕ್ಕದಲ್ಲೇ ಕೂತು ಬಿಸಿಬಿಸಿಯಾಗಿ ಎತ್ತಿ ತಿನ್ನುತ್ತಿದ್ದ.

"ಯಾಕೆ ಭಾವ, ಹಿಮಕ್ಕೆ ಜ್ವರ ಬಂದಿದ್ಯಾ?"

"ಅಡಿಯ ಹಿಮ ಹರಳು ಸಕ್ಕರೆ ಥರ ಉದುರ್ತಿದೆ. ಗಾಳಿ ತಂದು ಒಟ್ಟಿರೋದು ಅದರ ಮೇಲೆ ಹಲಗೆ ಆಗಿ ಕೂತಿದೆ. ಕಾಲಿಟ್ರೆ ಗುಮ್ ಅಂತದೆ, ಯಾವಾಗ ಕುಸಿಯುತ್ತೋ ಹೇಳೋಕಾಗಲ್ಲ. ನಿನ್ನ ಕುದುರೆ ತರೋಕೂ ಹೋಗ್ಬೇಡ."

ಕುದುರೆಗಳು ಕಮರಿಯ ಆಚೆ, ಗಾಳಿ ಹಿಮವನ್ನೆಲ್ಲ ಗುಡಿಸಿಹಾಕಿದ್ದ ಬೋಳು ಗುಡ್ಡದಲ್ಲಿ ಮೇಯುತ್ತಿದ್ದವು. ಒಂದು ಗಬ್ಬವಾಗಿತ್ತು. ಹಿಂದಿನ ದಿನ ಆ ಕಡೆಯಿಂದ ತೋಳಗಳ ಊಳು ಕೇಳಿಸಿತ್ತು.

"ತೋಳ ನಿಮ್ಮ ಸಕ್ಕರೆ ನೋಡ್ಕೊಂಡು ಕೂರಲ್ಲ ಭಾವ. ನಮ್ಮಪ್ಪ ಅಲ್ಲೇ ದಾಟ್ತಿದ್ದ."

"ಇಂಥ ದಿನ ನಿಮ್ಮಪ್ಪ ಹೊದ್ಕೊಂಡು ಮಲಗಿರ್ತಿದ್ರು."

ಕಾಲಿಸ್ ನಕ್ಕ. ದುಯಿಶೆನ್ ನಗಲಿಲ್ಲ. ಅತಿಥಿಗಳಿಗೆ ತಿಳಿಸಲು ಪಕ್ಕದ ಮನೆಗೆ ಹೋದ. ಅವನು ಆಚೆ ಹೋದದ್ದೇ ತಡ, ಕಾಲಿಸ್ ಎದ್ದು ಕೋಟು ತೊಟ್ಟ.

"ಭಾವ ಹೇಳಿದ್ದು ಕೇಳಿಸ್ಲಿಲ್ವೇನೋ?"

"ಕೇಳಿಸ್ತು ಅಕ್ಕ. ಹೊರಗಿನೋರನ್ನ ಹೆದರಿಸಿ ಹೆದರಿಸಿ ಅವರಿಗೆ ಅದೇ ರೂಢಿ ಆಗಿದೆ. ಮರಗಳ ಅಂಚು ಹಿಡ್ಕೊಂಡೇ ಹೋಗ್ತೀನಿ."

ಎದೆಗೆ ಕಟ್ಟಿಕೊಳ್ಳುವ ಪುಟ್ಟ ಪೆಟ್ಟಿಗೆಯೊಂದು ಗೂಟದಲ್ಲಿ ತೂಗುತ್ತಿತ್ತು. ಹಿಮದಡಿ ಸಿಕ್ಕವರು ಎಲ್ಲಿದ್ದಾರೆಂದು ಹುಡುಕುವವರಿಗೆ ತಿಳಿಸುವ ಪೆಟ್ಟಿಗೆ ಅದು. ಊಲ್ಕಾನ್ ಅದನ್ನು ಅವನ ಕೊರಳಿಗೆ ಹಾಕಹೋದಳು.

"ನಾನೇನು ಹಸುವಾ, ಗಂಟೆ ಕಟ್ಟೋಕೆ?" ಎಂದು ತಪ್ಪಿಸಿಕೊಂಡು ಹೊರಟ. ಅವಳಿಗೂ ನಗು ಬಂತು. ಕೂಗಿದ್ದರೆ ಗಂಡನಿಗೆ ಕೇಳಿಸುತ್ತಿತ್ತು. ಇಬ್ಬರಿಗೂ ಮತ್ತೆ ಜಗಳ ಯಾಕೆಂದು ಅವಳು ಕೂಗಲಿಲ್ಲ.

ಬಿಸಿಲೇರಿದ ಮೇಲೆ ಕಿಟಕಿಗಳು ಗಡಗಡ ನಡುಗಿದವು. ಕಮರಿಯಿಂದ ಬಿಳಿಯ ಧೂಳು ಎದ್ದು ಅರ್ಧ ಗುಡ್ಡವನ್ನು ಮುಚ್ಚಿತು. ದುಯಿಶೆನ್ ಓಡಿಬಂದು ಮತ್ತೆ ಗೂಟಕ್ಕೇ ಸೇರಿದ್ದ ಪೆಟ್ಟಿಗೆಯನ್ನು ನೋಡಿದ, ಅವಳನ್ನು ನೋಡಿದ. ಸಲಿಕೆ ಎತ್ತಿಕೊಂಡ.

ಊರವರೂ ಅತಿಥಿಗಳೂ ಸಾಲಾಗಿ ನಿಂತು ಉದ್ದನೆಯ ಸರಳುಗಳಿಂದ ಚುಚ್ಚುತ್ತ ಹೋದರು. ಕುಸಿದ ಹಿಮ ಆಗಲೇ ಗಾರೆಯಂತೆ ಬಿಗಿದಿತ್ತು. ಊಲ್ಕಾನ್ ತಮ್ಮನ ಹೆಸರು ಕರೆಯುತ್ತ ಕೈಗೆ ಸಿಕ್ಕಲ್ಲೆಲ್ಲ ಅಗೆದಳು. ಬಿಸಿಲು ಇಳಿಯುವ ಹೊತ್ತಿಗೆ ಮರಗಳ ಬುಡದಲ್ಲಿ ಒಂದು ಸರಳಿಗೆ ಮೆತ್ತನೆಯದೇನೋ ತಾಗಿತು. ಕಾಲಿಸ್ ಹೇಳಿದ ದಾರಿಯಲ್ಲೇ ಹೋಗಿದ್ದ. ಇಳಿಜಾರು ಮಾತ್ರ ತುದಿಯಿಂದಲೇ ಕಳಚಿಕೊಂಡಿತ್ತು.

ಅವಳು ಏದುತ್ತ ಹತ್ತಿರ ಬರುವಷ್ಟರಲ್ಲಿ ದುಯಿಶೆನ್ ಮಂಡಿಯೂರಿ ಅವನ ಮುಖದ ಮೇಲಿದ್ದ ಏನನ್ನೋ ತೋಳಿನಿಂದ ಅವಸರವಾಗಿ ಒರೆಸುತ್ತಿದ್ದ. ಗಾಜಿನಂಥ ತೆಳ್ಳನೆಯ ಮಂಜುಗಡ್ಡೆ. ಅವಳು ಕಂಡಳು, ಕಾಣದವಳಂತೆ ತಮ್ಮನ ಕಾಲ ಬಳಿ ಕುಸಿದು ಕೂತಳು.

ಕುದುರೆಗಳು ಮರುದಿನ ಆಚೆಯ ಗುಡ್ಡದ ಅಂಚಿನಿಂದ ತಾವಾಗಿಯೇ ಇಳಿದು ಬಂದವು. ಗಬ್ಬದ ಕುದುರೆಯೂ ಇತ್ತು. ಊಲ್ಕಾನ್ ಅವಕ್ಕೆ ಹುಲ್ಲು ಹಾಕಿದಳು.

ತಮ್ಮ ಸತ್ತ ನಲವತ್ತನೆಯ ದಿನದ ಊಟ ಮುಗಿದು, ಹಾಡಿ ಅತ್ತ ಹೆಂಗಸರೆಲ್ಲ ಹೊರಟುಹೋದ ಮೇಲೆ ಅವಳು ಗಂಡನೆದುರು ಕೂತಳು.

"ಅವನು ತುಂಬಾ ಹೊತ್ತು ಉಸಿರಾಡ್ತಿದ್ನಾ?"

"ಇಲ್ಲ. ಹಿಮ ಬಿದ್ದಾಗಲೇ ಹೋಗ್ಬಿಟ್ಟಿದ್ದ."

ಹಿಮದಡಿ ಬಹಳ ಹೊತ್ತು ಬದುಕಿದ್ದವರ ಉಸಿರಿನ ಬಿಸಿಗೆ ಕರಗಿದ ಹಿಮವೇ ಮುಖದ ಮೇಲೆ ಮತ್ತೆ ಗಾಜಿನಂತೆ ಹೆಪ್ಪುಗಟ್ಟುತ್ತದೆಂದು ಅವನೇ ಎಷ್ಟೋ ಸಲ ಅತಿಥಿಗಳಿಗೆ ಹೇಳಿದ್ದನ್ನು ಅವಳು ಒಲೆಯ ಮುಂದಿನಿಂದ ಕೇಳಿಸಿಕೊಂಡಿದ್ದಳು.

"ನಾನು ನಿಮ್ಮನ್ನ ಕೂಗಲಿಲ್ಲ."

"ಕೂಗಿದ್ರೂ ಹೋಗ್ತಿದ್ದ."

ಅವನು ಈ ಮಾತುಗಳನ್ನು ಎಷ್ಟು ದಿನದಿಂದ ಸಿದ್ಧಮಾಡಿ ಇಟ್ಟುಕೊಂಡಿದ್ದನೋ ಎಂದು ಅವಳಿಗೆ ಅನಿಸಿತು. ಅವನ ಬಟ್ಟಲಿನ ತಣ್ಣನೆಯ ಚಹಾ ಚೆಲ್ಲಿ ಬಿಸಿಯದನ್ನು ಬಗ್ಗಿಸಿದಳು. ಅವನು ಅದನ್ನೂ ಮುಟ್ಟಲಿಲ್ಲ.